ಈಗಲೇ ತಂತಿ ಹಾಕಿಸೋದಾ, ಇನ್ನೊಂದಿಷ್ಟು ದಿನ ಬಿಡೋದಾ?

ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅಷ್ಟರೊಳಗೆ ಇಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳು ಎದ್ದು ನಿಂತಿದ್ದವು. 1958ರಲ್ಲಿ ಹುಟ್ಟಿದ ಬಾಪೂಜಿ ವಿದ್ಯಾಸಂಸ್ಥೆ 1979ರಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯ ತೆರೆಯಿತು. ತೊಂಬತ್ತರ ದಶಕದ ಆರಂಭದಲ್ಲಿ ಎರಡನೆಯದಾಗಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಬಂತು. ಡಿಸಿ ಆಫೀಸಿಗಿಂತ ಮೊದಲು ಹಲ್ಲಿನ ಕಾಲೇಜು ಕಂಡ ಊರಿದು. ಬೆಣ್ಣೆದೋಸೆ, ಮಂಡಕ್ಕಿ-ಮಿರ್ಚಿಯ ಖ್ಯಾತಿಯ ಮುಂದೆ ಈ ಸಂಗತಿ ಹೊರಗಿನವರಿಗೆ ಅಷ್ಟಾಗಿ ಕಾಣುವುದಿಲ್ಲ. ಸುತ್ತಲಿನ ಹಳ್ಳಿಯವರಿಗೆ ಮಾತ್ರ ಚೆನ್ನಾಗಿ ಗೊತ್ತು. ದವಡೆ ಊದಿತೆಂದರೆ ಬೆಳಗಿನ ಬಸ್ಸು ಹತ್ತಿ, ಹತ್ತಾರು ರೂಪಾಯಿಯ ಚೀಟಿ ಮಾಡಿಸಿ, ಬಿಳಿ ಕೋಟಿನ ಹುಡುಗ ಹುಡುಗಿಯರ ಮುಂದೆ ಬಾಯಿ ತೆರೆದು ಕೂರುವುದು ಈ ಭಾಗದ ಮೂರು ತಲೆಮಾರಿಗೆ ರೂಢಿಯಾಗಿದೆ.

ಕುಕ್ಕುವಾಡ ಅಂಥ ಹಳ್ಳಿಗಳಲ್ಲೊಂದು. ಭದ್ರಾ ನಾಲೆಯ ನೀರಿನಲ್ಲಿ ಭತ್ತ, ಕಬ್ಬು ಬೆಳೆಯುವ ಸೀಮೆ. ದೂರದವರಿಗೆ ಊರಿನ ಹೆಸರು ಗೊತ್ತಿದ್ದರೆ ಅದು ಅಲ್ಲಿರುವ ದಾವಣಗೆರೆ ಶುಗರ್ ಕಂಪನಿಯ ಕಾರ್ಖಾನೆಯಿಂದ. ಇಂಥ ಊರುಗಳಿಂದ ಹಲ್ಲಿನ ಆಸ್ಪತ್ರೆಗೆ ಬರುವವರಿಗೆ ಹಿಂದೆ ಇದ್ದದ್ದು ಎರಡೇ ಕೆಲಸ. ಒಂದು ಕೀಳಿಸುವುದು, ಇನ್ನೊಂದು ಕಟ್ಟಿಸುವುದು. ಈಚೆಗೆ ಮೂರನೆಯದು ಸೇರಿಕೊಂಡಿದೆ. ಎಂಟು ವರ್ಷದ ಮಗಳ ಮುಂದಿನ ಹಲ್ಲು ಉಬ್ಬಿವೆ. ಹತ್ತು ವರ್ಷದ ಮಗನಿಗೆ ಹಲ್ಲಿನ ಮೇಲೆ ಹಲ್ಲು ಬಂದಿದೆ. ಅವನ ತರಗತಿಯಲ್ಲೇ ಒಬ್ಬ ತಂತಿ ಹಾಕಿಸಿಕೊಂಡು ಬಂದಿದ್ದಾನೆ. "ನಮ್ ಹುಡುಗ್ರಿಗೂ ಈಗ್ಲೇ ಹಾಕ್ಸಿಬಿಡಬೇಕೇನ್ರೀ ಡಾಕ್ಟ್ರೇ, ಇನ್ನೂ ಸ್ವಲ್ಪ ದಿನ ಬಿಡಬೇಕಾ?" ಅಪ್ಪ ಅಮ್ಮ ಕೇಳುವ ಪ್ರಶ್ನೆ ಇದು.

ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಕೊಡಬೇಕಾದ ಪೇಟೆ ಮಾತ್ರ ಬೇರೆಯೇ ಪ್ರಶ್ನೆ ಎತ್ತುತ್ತದೆ. ಸ್ಟೀಲಿನದು ಬೇಕೋ, ಹಲ್ಲಿನ ಬಣ್ಣದ ಸೆರಾಮಿಕ್ ಬೇಕೋ, ಕಣ್ಣಿಗೇ ಬೀಳದ ಅಲೈನರ್ ಬೇಕೋ? ಕಂತಿನಲ್ಲೋ, ಒಮ್ಮೆಗೇ ಕಟ್ಟುತ್ತೀರೋ? ನನ್ನ ಮಟ್ಟಿಗೆ ಇವು ಕೊನೆಗೆ ಕೇಳಬೇಕಾದವು. ಮೊದಲು ತೀರ್ಮಾನವಾಗಬೇಕಾದ್ದು ಈಗಲೋ, ಆಮೇಲೋ, ಬೇಡವೇ ಬೇಡವೋ ಎಂಬುದು. ಅದರ ಬೆನ್ನಿಗೇ ಇನ್ನೊಂದಿದೆ. ಒಂದೂವರೆ ಎರಡು ವರ್ಷ ತಿಂಗಳಿಗೊಮ್ಮೆ ಈ ಮಗುವನ್ನು ಕುರ್ಚಿಯ ತನಕ ಕರೆದುಕೊಂಡು ಬರುವವರು ಯಾರು? ಇವೆರಡು ಇತ್ಯರ್ಥವಾದರೆ ಯಾವ ತಂತಿ ಎನ್ನುವುದನ್ನು ವೈದ್ಯರಿಗೆ ಬಿಟ್ಟರೂ ನಡೆಯುತ್ತದೆ.

ನೋಡಿ ಕಳಿಸಿದರೆ ಸಿಟ್ಟಾಗಬೇಡಿ

ಹಾಲುಹಲ್ಲು ಇಪ್ಪತ್ತು. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆಯುವ ಸಂಭ್ರಮ ಆರನೇ ವರ್ಷದ ಹೊತ್ತಿಗೆ ಶುರುವಾಗುತ್ತದೆ. ಅದೇ ಹೊತ್ತಿಗೆ, ಯಾವ ಹಲ್ಲೂ ಬೀಳದ ಜಾಗದಲ್ಲಿ, ಎಲ್ಲಕ್ಕಿಂತ ಹಿಂದೆ ಒಂದು ಶಾಶ್ವತ ದವಡೆಹಲ್ಲು ಹುಟ್ಟಿರುತ್ತದೆ. ಅದನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕಿಗೆ ಬಿಟ್ಟುಬಿಡುವ ಮನೆಗಳು ಬೇಕಾದಷ್ಟಿವೆ. ಹಲ್ಲು ಸಾಲುಗೂಡಿಸುವ ಶಾಸ್ತ್ರಕ್ಕೆ ಅಡಿಗಲ್ಲು ಹಾಕಿದ ಅಮೆರಿಕದ ಎಡ್ವರ್ಡ್ ಆಂಗಲ್ 1899ರಲ್ಲಿ ವಕ್ರದಂತಗಳನ್ನು ಮೂರು ವರ್ಗ ಮಾಡಿದಾಗ ಅಳತೆಗೋಲಾಗಿ ಹಿಡಿದದ್ದು ಈ ಆರನೇ ವರ್ಷದ ಹಲ್ಲನ್ನೇ. ಮೇಲಿನದು ಕೆಳಗಿನದರ ಮೇಲೆ ಎಲ್ಲಿ ಕೂರುತ್ತದೆ ಎನ್ನುವುದರ ಮೇಲೆ ಆ ವರ್ಗೀಕರಣ ನಿಂತಿದೆ. ಇಂದಿಗೂ ವೈದ್ಯರು ಮಗುವಿನ ಕೆನ್ನೆಯನ್ನು ಬೆರಳಿನಿಂದ ಸರಿಸಿ ಮೊದಲು ನೋಡುವುದು ಅದನ್ನೇ.

ಆಮೇಲಿನ ಎರಡು ಮೂರು ವರ್ಷ ಅಪ್ಪ ಅಮ್ಮಂದಿರ ಕಳವಳದ ಕಾಲ. ಮೇಲಿನ ಎರಡು ಹೊಸ ಹಲ್ಲು ಮುಖಕ್ಕೆ ದೊಡ್ಡವಾಗಿ, ಪಕ್ಕಕ್ಕೆ ವಾಲಿಕೊಂಡು, ನಡುವೆ ಬಿರುಕು ಬಿಟ್ಟುಕೊಂಡು ಬರುತ್ತವೆ. 1937ರಲ್ಲಿ ಬ್ರಾಡ್‌ಬೆಂಟ್ ಎಂಬ ವೈದ್ಯ ಇದಕ್ಕೆ 'ಕುರೂಪಿ ಬಾತುಮರಿಯ ಹಂತ' ಎಂದು ಹೆಸರಿಟ್ಟ. ಒಳಗೆ ಇಳಿಯುತ್ತಿರುವ ಕೋರೆಹಲ್ಲುಗಳು ಮುಂದಿನ ಹಲ್ಲಿನ ಬೇರುಗಳನ್ನು ಒತ್ತುವುದರಿಂದ ಹೀಗಾಗುತ್ತದೆ. ಹನ್ನೊಂದು ಹನ್ನೆರಡರಲ್ಲಿ ಕೋರೆಹಲ್ಲು ಹೊರಗೆ ಬಂದಾಗ ಬಿರುಕು ಬಹಳ ಮಕ್ಕಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಎಂಟನೇ ವರ್ಷದಲ್ಲಿ ಆ ಬಿರುಕಿಗೆ ರಬ್ಬರ್ ಬ್ಯಾಂಡ್ ಹಾಕಿ ಎಳೆಯುವುದು ಕೆಲಸಕ್ಕೆ ಬಾರದ್ದು ಮಾತ್ರವಲ್ಲ, ಅಪಾಯದ್ದು ಕೂಡ: ಬರಿ ರಬ್ಬರ್ ಒಸಡಿನ ಕೆಳಗೆ ಜಾರಿ ಬೇರಿನ ಸುತ್ತಲ ಮೂಳೆಯನ್ನೇ ಕರಗಿಸಿದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿವೆ. ಮನೆಯಲ್ಲೇ ಮಾಡಿಕೊಳ್ಳಿ ಎನ್ನುವ ವಿಡಿಯೊ ನೋಡಿದವರು ಇದನ್ನು ನೆನಪಿಡಬೇಕು.

ಹೀಗಾಗಿ ಬಸ್ಸಿಗೆ ದುಡ್ಡು ಹಾಕಿ, ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ವೈದ್ಯರು ಬಾಯಿ ನೋಡಿ "ಒಂದು ವರ್ಷ ಬಿಟ್ಟು ಬನ್ನಿ" ಎಂದರೆ ಅದು ಉಡಾಫೆಯಲ್ಲ. "ಏನೂ ಮಾಡ್ಲಿಲ್ಲ, ಬರೀ ನೋಡಿ ಕಳ್ಸಿದ್ರು" ಎಂದು ಊರಿಗೆ ಬಂದು ಬೈಯುವವರನ್ನು ನೋಡಿದ್ದೇನೆ. ಏನೂ ಮಾಡದೆ ಕಳಿಸುವ ವೈದ್ಯರು ಸಿಕ್ಕರೆ ಅವರನ್ನು ಬಿಡಬಾರದು ಎಂದು ನನ್ನ ಅಭಿಪ್ರಾಯ. ಏಳನೇ ವರ್ಷಕ್ಕೆ ಒಮ್ಮೆ ತೋರಿಸಿ ಎಂದು ಅಮೆರಿಕದ ಆರ್ಥೊಡಾಂಟಿಸ್ಟರ ಸಂಘ ಹೇಳುವುದೂ ನೋಡಿಸುವುದಕ್ಕೆ; ತಂತಿ ಬಿಗಿಸುವುದಕ್ಕಲ್ಲ.

ಆದರೆ ಕಾಯಬಾರದವೂ ಇವೆ, ಮತ್ತು ತಡವಾಗುವುದು ಇಲ್ಲಿಯೇ. ಕೆಳಗಿನ ಮುಂದಿನ ಹಲ್ಲು ಮೇಲಿನದರ ಹೊರಗೆ ಕಚ್ಚುತ್ತಿದ್ದರೆ ಏಳೆಂಟು ವರ್ಷದಲ್ಲೇ ತೋರಿಸಬೇಕು. ಮೇಲ್ದವಡೆ ಹಿಂದುಳಿದಿದ್ದರೆ ಮುಖಕ್ಕೆ ಹಾಕುವ ಸಾಧನದಿಂದ ಅದನ್ನು ಮುಂದೆ ಎಳೆಯಲು ಆಗ ಸಾಧ್ಯ, ಹದಿನಾಲ್ಕಕ್ಕೆ ಹೆಚ್ಚುಕಮ್ಮಿ ಆಗುವುದಿಲ್ಲ, ಹದಿನೆಂಟಕ್ಕೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಸದಾ ಬಾಯಿ ತೆರೆದು ಉಸಿರಾಡುವ, ಗೊರಕೆ ಹೊಡೆಯುವ ಮಗುವನ್ನು ಹಲ್ಲಿನವರಿಗಿಂತ ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸುವುದು ಒಳ್ಳೆಯದು. ಮೂಗಿನ ಹಿಂದೆ ಅಡಿನಾಯ್ಡ್ ಬೆಳೆದಿದ್ದರೆ ಅದು ಹೋಗದೆ ತಂತಿ ಏನು ಮಾಡೀತು? ಬೆರಳು ಚೀಪುವುದು ನಾಲ್ಕು ವರ್ಷದ ತನಕ ತೊಂದರೆಯಿಲ್ಲ, ಶಾಶ್ವತ ಹಲ್ಲು ಬಂದ ಮೇಲೂ ಮುಂದುವರಿದರೆ ಹಲ್ಲು ಉಬ್ಬುತ್ತವೆ. ಬೇವಿನೆಣ್ಣೆ, ಮೆಣಸಿನಪುಡಿ ಹಚ್ಚುವ ಹಿಂಸೆ ಬೇಡ. ಬಿಡಿಸಲು ಬೇರೆ ದಾರಿಗಳಿವೆ.

ಕೋರೆಹಲ್ಲಿನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಒಂಬತ್ತು ಹತ್ತು ವರ್ಷಕ್ಕೆ ಮೇಲಿನ ಒಸಡಿನ ಹೊರಬದಿಯಲ್ಲಿ ಅದರ ಉಬ್ಬು ಬೆರಳಿಗೆ ಸಿಗಬೇಕು. ಒಂದು ಕಡೆ ಸಿಕ್ಕು ಇನ್ನೊಂದು ಕಡೆ ಸಿಗದಿದ್ದರೆ ಎಕ್ಸ್‌ರೇ ಬೇಕಾಗುತ್ತದೆ, ಹಲ್ಲು ಅಂಗುಳಿನ ಕಡೆ ತಿರುಗಿಕೊಂಡಿರಬಹುದು. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ 1988ರಲ್ಲಿ ಇಂಥ ದಾರಿತಪ್ಪಿದ 46 ಕೋರೆಹಲ್ಲುಗಳ ವಿಷಯದಲ್ಲಿ ಮಾಡಿದ್ದು ಇಷ್ಟೇ: ಮೇಲೆ ಉಳಿದಿದ್ದ ಹಾಲುಕೋರೆಯನ್ನು ಸಮಯಕ್ಕೆ ಸರಿಯಾಗಿ ಕಿತ್ತರು. ಅಷ್ಟಕ್ಕೇ 36 ಹಲ್ಲುಗಳು ಸರಿದಾರಿಗೆ ಬಂದವು. ಹನ್ನೊಂದರಲ್ಲಿ ಒಂದು ಹಾಲುಹಲ್ಲು ಕೀಳುವ ಐದು ನಿಮಿಷದ ಕೆಲಸ ತಪ್ಪಿದರೆ, ಹದಿನೈದರಲ್ಲಿ ಒಸಡು ಕೊಯ್ದು, ಹೂತ ಹಲ್ಲಿಗೆ ಸರಪಳಿ ಕಟ್ಟಿ ತಿಂಗಳುಗಟ್ಟಲೆ ಎಳೆಯಬೇಕು. ಅದರ ಖರ್ಚಿನ ಎದುರು ಬಸ್ ಚಾರ್ಜು ಲೆಕ್ಕಕ್ಕೇ ಬರುವುದಿಲ್ಲ.

ಸಕ್ಕರೆ ಊರಿನ ಹಾಲುಹಲ್ಲು

ಕುಕ್ಕುವಾಡದಲ್ಲಿ ಸಕ್ಕರೆ ತಯಾರಾಗುತ್ತದೆಂದು ಅಲ್ಲಿನ ಮಕ್ಕಳ ಹಲ್ಲು ಹುಳುಕಾಗುವುದಿಲ್ಲ. ಗದ್ದೆಯಲ್ಲಿ ಕಬ್ಬು ಸಿಗಿದು ತಿನ್ನುವ ಹುಡುಗನ ಹಲ್ಲಿಗಿಂತ, ಅಂಗಡಿಯ ಐದು ರೂಪಾಯಿ ಪೊಟ್ಟಣದ ಬಿಸ್ಕತ್ತು, ಅಂಟು ಚಾಕೊಲೇಟನ್ನು ಬಿಟ್ಟುಬಿಟ್ಟು ತಿನ್ನುವ ಹುಡುಗನ ಹಲ್ಲಿಗೆ ಕೇಡು ಜಾಸ್ತಿ. ಸಕ್ಕರೆ ಎಷ್ಟು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ, ಎಷ್ಟು ಅಂಟಿಕೊಂಡು ಎನ್ನುವುದೇ ಮುಖ್ಯವೆಂದು ಸ್ವೀಡನ್ನಿನ ವಿಪೆಹೋಲ್ಮ್ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಶುರುವಾದ ಪ್ರಯೋಗದಿಂದ ಗೊತ್ತಾಯಿತು. ಬುದ್ಧಿಮಾಂದ್ಯರಿಗೆ ಬೇಕೆಂದೇ ಟಾಫಿ ತಿನ್ನಿಸಿ ಕಂಡುಕೊಂಡ ಸತ್ಯವದು. ಆ ಪಾಪವನ್ನು ಆ ದೇಶ ಇನ್ನೂ ನೆನೆಯುತ್ತದೆ.

ಹಾಲುಹಲ್ಲಿನ ಹುಳುಕಿಗೂ ತಂತಿಗೂ ಏನು ಸಂಬಂಧ ಎನ್ನಬಹುದು. ನೇರ ಸಂಬಂಧವಿದೆ. ಹಾಲು ದವಡೆಹಲ್ಲು ಬೀಳುವುದು ಹತ್ತು, ಹನ್ನೆರಡರ ಹೊತ್ತಿಗೆ. ಅಲ್ಲಿಯ ತನಕ ಅದು ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಹಿಡಿದುಕೊಂಡಿರಬೇಕು. "ಹಾಲುಹಲ್ಲು ತಾನೇ, ಹೆಂಗೂ ಬೀಳ್ತಾವೆ ಬಿಡ್ರಿ" ಎಂದು ಆರನೇ ವರ್ಷಕ್ಕೆ ಕೀಳಿಸಿಬಿಟ್ಟರೆ, ಹಿಂದಿನ ಶಾಶ್ವತ ಹಲ್ಲು ಮುಂದಕ್ಕೆ ಸರಿದು ಆ ಜಾಗ ನುಂಗುತ್ತದೆ. ನಾಲ್ಕೈದು ವರ್ಷ ಬಿಟ್ಟು ಬರುವ ಹಲ್ಲು ಕೂರಲು ಸ್ಥಳವಿಲ್ಲದೆ ಕೆನ್ನೆ ಕಡೆಯೋ ನಾಲಿಗೆ ಕಡೆಯೋ ಹುಟ್ಟುತ್ತದೆ. ಹಲ್ಲಿನ ಮೇಲೆ ಹಲ್ಲು ಬಂದದ್ದು ಅದೃಷ್ಟ ಎನ್ನುವ ಅಜ್ಜಿಯರಿದ್ದಾರೆ. ಬಹಳ ಸಲ ಅದರ ಹಿಂದೆ ಇರುವುದು ಇದೇ ಲೆಕ್ಕ. ಕಿತ್ತ ಜಾಗಕ್ಕೆ ಒಂದು ಸಣ್ಣ ಸ್ಟೀಲಿನ ಬಳೆ ಮತ್ತು ಕೊಂಡಿ ಹಾಕಿ ಸ್ಥಳ ಕಾಯ್ದಿಡಬಹುದು. ಸ್ಪೇಸ್ ಮೇಂಟೇನರ್ ಎನ್ನುತ್ತಾರೆ. ಮಕ್ಕಳ ದಂತ ವಿಭಾಗದಲ್ಲಿ ಒಂದೆರಡು ಭೇಟಿಯ ಕೆಲಸ. ಈ ಇಡೀ ಶಾಸ್ತ್ರದಲ್ಲಿ ಹಾಕಿದ ಹಣಕ್ಕೆ ಇಷ್ಟು ಬೆಲೆ ಕೊಡುವ ಚಿಕಿತ್ಸೆ ಇನ್ನೊಂದಿಲ್ಲ, ಮತ್ತು ಇದರ ಜಾಹೀರಾತನ್ನು ನಾನಂತೂ ಯಾವ ಹೋರ್ಡಿಂಗಿನಲ್ಲೂ ಕಂಡಿಲ್ಲ.

ಬಾಯಲ್ಲಿ ಹುಳುಕು ಇಟ್ಟುಕೊಂಡು ತಂತಿ ಹಾಕಿಸುವಂತೆಯೂ ಇಲ್ಲ. ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಬ್ರಾಕೆಟ್ ಸುತ್ತ ಉಜ್ಜುವುದು ಕಷ್ಟ. ಉಜ್ಜದಿದ್ದರೆ ತಂತಿ ಬಿಚ್ಚಿದ ದಿನ ಹಲ್ಲು ನೆಟ್ಟಗಿರುತ್ತವೆ, ಪ್ರತಿ ಹಲ್ಲಿನ ಮೇಲೂ ಚೌಕಾಕಾರದ ಬಿಳಿ ಮಚ್ಚೆ ಉಳಿದಿರುತ್ತದೆ. ಈಗಲೇ ಎರಡು ಹೊತ್ತು ಹಲ್ಲುಜ್ಜದ ಮಗುವಿಗೆ ತಂತಿ ಹಾಕಿಸಿದರೆ ಉಜ್ಜಲು ಕಲಿಯುತ್ತದೆ ಎಂಬುದು ಆಸೆ ಮಾತ್ರ.

ಹಲ್ಲು ನಡೆಯುವ ಬಗೆ

ಹಲ್ಲು ಮೂಳೆಯಲ್ಲಿ ಹೂತಿದ್ದರೂ ಮೂಳೆಗೆ ಅಂಟಿಕೊಂಡಿಲ್ಲ. ನಡುವೆ ಕೂದಲೆಳೆಯ ದಪ್ಪದ ನಾರಿನ ಪದರವಿದೆ. ಒಂದು ಕಡೆಯಿಂದ ಮೆಲ್ಲಗೆ ಒತ್ತುತ್ತಿದ್ದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಬಿಟ್ಟ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ಹಸಿ ಮಣ್ಣಿನಲ್ಲಿ ನೆಟ್ಟ ಗೂಟವನ್ನು ದಿನವೂ ಒಂದೇ ಕಡೆ ದೂಡಿದ ಹಾಗೆ. ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್. ಜೋರಾಗಿ ಎಳೆದರೆ ಬೇಗ ಆಗುವುದಿಲ್ಲ, ಬೇರು ಸವೆಯುತ್ತದೆ. ಆರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರ ಬೇಕಾಗಿರುವುದು ಇದಕ್ಕೇ. ಬ್ರಾಕೆಟ್ ಅನ್ನು ಹಲ್ಲಿಗೆ ಅಂಟಿಸುವ ವಿದ್ಯೆಗೆ ದಾರಿ ಮಾಡಿದವನು ಬುವೊನೊಕೋರ್ ಎಂಬಾತ. 1955ರಲ್ಲಿ ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ಒರಟು ಮಾಡಿದರೆ ರಾಳ ಹಿಡಿಯುತ್ತದೆಂದು ತೋರಿಸಿದ. ಅದಕ್ಕೆ ಮುಂಚೆ ಒಂದೊಂದು ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಿತ್ತು. ಜಗಳೂರು ಕಡೆಯಿಂದ ಬರುವ ಮಕ್ಕಳಲ್ಲಿ ಈ ಅಂಟು ಕೈಕೊಡುವುದುಂಟು: ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕಂದು ಬಣ್ಣಕ್ಕೆ ತಿರುಗಿದ ಹಲ್ಲು ಆಮ್ಲಕ್ಕೆ ಸರಿಯಾಗಿ ಬಗ್ಗುವುದಿಲ್ಲ, ಬ್ರಾಕೆಟ್ ಪದೇಪದೇ ಕಿತ್ತುಬರುತ್ತದೆ. ವೈದ್ಯರ ಕೈಗುಣವನ್ನು ಬೈಯುವ ಮೊದಲು ನೀರನ್ನು ನೆನೆಯಬೇಕು.

ಉಬ್ಬುಹಲ್ಲಿನ ಜೊತೆ ಗದ್ದ ಹಿಂದೆ ಸರಿದಿದ್ದರೆ ಅದಕ್ಕೆ ಬೇರೆ ಸಾಧನ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದ ಟ್ವಿನ್ ಬ್ಲಾಕ್ ನಮ್ಮ ಕಾಲೇಜುಗಳಲ್ಲೂ ಚಾಲ್ತಿಯಲ್ಲಿದೆ. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ತಟ್ಟೆ. ಬಾಯಿ ಮುಚ್ಚಿದರೆ ಕೆಳದವಡೆ ಮುಂದೆ ಬಂದೇ ಕೂರಬೇಕು. ಇದು ಮಗು ಎತ್ತರಕ್ಕೆ ಬೆಳೆಯುವ ಹೊತ್ತಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಎರಡು ವರ್ಷ ಮುಂಚೆ. ಎಂಟು ಒಂಬತ್ತಕ್ಕೇ ಶುರು ಮಾಡಿದರೆ ಹೆಚ್ಚು ಲಾಭವೇ? ಬ್ರಿಟನ್ನಿನಲ್ಲಿ ಕೆವಿನ್ ಓಬ್ರಿಯನ್ ಮತ್ತು ಸಂಗಡಿಗರು, ಅಮೆರಿಕದಲ್ಲಿ ಉತ್ತರ ಕೆರೊಲಿನಾ ಮತ್ತು ಫ್ಲಾರಿಡಾದವರು ಮಕ್ಕಳನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದರು. ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯ ತೀರ್ಪು ಸರಳ: ಬೇಗ ಶುರು ಮಾಡಿದವರಿಗೂ ಹದಿಹರೆಯದಲ್ಲಿ ಒಂದೇ ಸಲ ಮಾಡಿಸಿಕೊಂಡವರಿಗೂ ಕೊನೆಗೆ ಹೆಚ್ಚೇನೂ ವ್ಯತ್ಯಾಸವಿಲ್ಲ, ಒಂದನ್ನು ಬಿಟ್ಟು. ಉಬ್ಬಿದ ಹಲ್ಲು ಬಿದ್ದು ಮುರಿದುಕೊಳ್ಳುವುದು ಬೇಗ ಮಾಡಿಸಿದವರಲ್ಲಿ ಕಡಿಮೆ. ಹಾಗಾಗಿ ಉಬ್ಬು ಜಾಸ್ತಿಯಿದ್ದು, ಮಗು ಮರ ಹತ್ತುವ, ಕಬಡ್ಡಿ ಆಡುವ ಪೈಕಿಯಾದರೆ ಬೇಗ ಎನ್ನಲು ಕಾರಣವಿದೆ. ಶಾಲೆಯಲ್ಲಿ "ಹಲ್ಲುಬ್ಬಿ" ಎಂದು ಕರೆದು ಮಗು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಿದ್ದರೆ ಅದೂ ಕಾರಣವೇ. ಇಲ್ಲದಿದ್ದರೆ ಎರಡು ಸಲದ ಖರ್ಚು, ಎರಡು ಸಲದ ಓಡಾಟ ಯಾಕೆ?

ಇನ್ನು ನಾಲ್ಕು ಹಲ್ಲು ಕೀಳಬೇಕು ಎಂಬ ಮಾತು. ಗಟ್ಟಿಮುಟ್ಟಾದ ಹಲ್ಲನ್ನು ಕೀಳುವುದೆಂದರೆ ಮನೆಯಲ್ಲಿ ರಂಪವಾಗುತ್ತದೆ. "ಮ್ಯಾಲಿನ ಹಲ್ಲು ಕಿತ್ರೆ ಕಣ್ಣಿಗೆ ಪೆಟ್ಟಂತಲ್ರೀ?" ಎಂಬ ಪ್ರಶ್ನೆ ಬರದ ದಿನವೇ ಇರಲಿಕ್ಕಿಲ್ಲ. ಹಲ್ಲಿನ ನರಕ್ಕೂ ನೋಟದ ನರಕ್ಕೂ ಯಾವ ಸಂಬಂಧವೂ ಇಲ್ಲ. ಕಣ್ಣಿನ ಭಯವನ್ನು ಬಿಟ್ಟುಬಿಡಿ, ಕೀಳಬೇಕೋ ಬೇಡವೋ ಎಂಬ ಜಗಳ ಮಾತ್ರ ವೈದ್ಯರ ನಡುವೆಯೇ ನೂರು ವರ್ಷದಿಂದ ಇದೆ. ಆಂಗಲ್ ಒಂದು ಹಲ್ಲನ್ನೂ ಕೀಳಬಾರದೆಂದ. ಅವನ ಶಿಷ್ಯನೇ ಆದ ಚಾರ್ಲ್ಸ್ ಟ್ವೀಡ್ ತಾನು ಕೀಳದೆ ಮುಗಿಸಿದ್ದ ರೋಗಿಗಳ ಹಲ್ಲು ಮತ್ತೆ ಕೆಟ್ಟದ್ದು ನೋಡಿ, ಅವರಲ್ಲಿ ಹಲವರನ್ನು ಕರೆಸಿ, ಕಿತ್ತು ಮರುಚಿಕಿತ್ಸೆ ಮಾಡಿದ. ಆಸ್ಟ್ರೇಲಿಯದ ಬೆಗ್ ಇನ್ನೂ ಮುಂದೆ ಹೋಗಿ, ಒರಟು ಆಹಾರ ತಿಂದ ಆದಿವಾಸಿಗಳ ಹಲ್ಲು ಸವೆದು ಜಾಗವಾಗುತ್ತಿತ್ತು, ನಮ್ಮದು ಸವೆಯುವುದಿಲ್ಲ, ಹಾಗಾಗಿ ಕೀಳಬೇಕು ಎಂದ. ಭಾರತದ ಕಾಲೇಜುಗಳಲ್ಲಿ ದಶಕಗಟ್ಟಲೆ ನಡೆದದ್ದು ಅವನ ಪದ್ಧತಿಯೇ. ಈಗ ಎಲ್ಲರಿಗೂ ಒಂದೇ ಉತ್ತರ ಕೊಡುವವರಿಲ್ಲ. ಜಾಗ ಎಷ್ಟು ಮಿಲಿಮೀಟರ್ ಕಡಿಮೆಯಿದೆ, ತುಟಿ ಎಷ್ಟು ಮುಂದಿದೆ ಎಂದು ಅಚ್ಚು ಮತ್ತು ಎಕ್ಸ್‌ರೇ ಇಟ್ಟುಕೊಂಡು ಅಳೆದು ಹೇಳುತ್ತಾರೆ. ಅಳೆಯದೆ ಬರಿಗಣ್ಣಲ್ಲಿ ನೋಡಿ ಕೀಳಲು ಹೊರಟರೆ ಎದ್ದು ಬರುವುದು ನಿಮ್ಮ ಹಕ್ಕು.

ಕಾಲೇಜೋ, ಕ್ಲಿನಿಕ್ಕೋ?

ದಾವಣಗೆರೆಯ ಸುತ್ತಲಿನವರಿಗೆ ಎಷ್ಟೋ ಜಿಲ್ಲೆಯವರಿಗಿಲ್ಲದ ಒಂದು ಆಯ್ಕೆ ಇಲ್ಲಿದೆ. ಐದು ವರ್ಷದ ಬಿಡಿಎಸ್ ಮುಗಿಸಿದವರೆಲ್ಲ ದಂತವೈದ್ಯರೇ. ಆದರೆ ಹಲ್ಲು ಸಾಲುಗೂಡಿಸುವುದನ್ನೇ ಮೂರು ವರ್ಷ ಓದಿ ಎಂಡಿಎಸ್ ಪಡೆದವರು ಆರ್ಥೊಡಾಂಟಿಸ್ಟ್. ಖಾಸಗಿ ಕ್ಲಿನಿಕ್ಕಿನಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು: ತಂತಿ ಹಾಕುವವರು ಯಾರು, ಅವರು ವಾರದಲ್ಲಿ ಯಾವ ದಿನ ಬರುತ್ತಾರೆ, ನಡುವೆ ತಂತಿ ಚುಚ್ಚಿದರೆ ನೋಡುವವರು ಯಾರು? ಸಂಕೋಚಪಡುವ ಮಾತಿಲ್ಲ, ಯಾರ ಪದವಿ ಏನೆಂದು ಬೋರ್ಡಿನ ಮೇಲೆ ಹೆಸರಿನ ಮುಂದೆ ಬರೆದಿರುತ್ತದೆ.

ಕಾಲೇಜಿನಲ್ಲಿ ಕೆಲಸ ಮಾಡುವವರು ಸ್ನಾತಕೋತ್ತರ ವಿದ್ಯಾರ್ಥಿಗಳು, ಹಿಂದೆ ನಿಂತು ನೋಡುವವರು ಪ್ರಾಧ್ಯಾಪಕರು. ಹುಡುಗರ ಕೈಯಲ್ಲಿ ಕೊಡುವುದಾ ಎಂದು ಹಿಂಜರಿಯುವವರಿಗೆ ನಾನು ಹೇಳುವುದಿಷ್ಟು: ಒಂದು ತಂತಿ ಬದಲಿಸಲೂ ಮೇಷ್ಟ್ರ ಸಹಿ ಬೇಕಾದ ಜಾಗ ಅದು. ಖರ್ಚು ಕ್ಲಿನಿಕ್ಕಿಗಿಂತ ಬಹಳ ಕಡಿಮೆ. ಬದಲಿಗೆ ಕೊಡಬೇಕಾದ್ದು ಸಮಯ. ಒಪಿಡಿಯಲ್ಲಿ ಕಾಯುವುದು, ಒಂದೊಂದು ಭೇಟಿಗೂ ಅರ್ಧ ದಿನ. ಇನ್ನೊಂದು ಗುಟ್ಟು ಯಾರೂ ಮೊದಲೇ ಹೇಳುವುದಿಲ್ಲ. ವಿದ್ಯಾರ್ಥಿಯ ಓದು ಮೂರು ವರ್ಷ, ನಿಮ್ಮ ಮಗುವಿನ ಚಿಕಿತ್ಸೆ ಎರಡು ವರ್ಷ. ಕೊನೇ ವರ್ಷದವರ ಕೈಯಲ್ಲಿ ಶುರುವಾದರೆ ಅರ್ಧದಲ್ಲಿ ಕೈ ಬದಲಾಗುತ್ತದೆ, ಹೊಸಬರು ಮತ್ತೆ ಮೊದಲಿನಿಂದ ಅರ್ಥ ಮಾಡಿಕೊಳ್ಳುತ್ತಾರೆ, ಮೂರು ನಾಲ್ಕು ತಿಂಗಳು ಹೆಚ್ಚೇ ಹಿಡಿಯಬಹುದು. "ಎಷ್ಟನೇ ವರ್ಷದಾಗ ಓದ್ತಾ ಇದೀಯಮ್ಮಾ?" ಎಂದು ಪ್ರೀತಿಯಿಂದ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕುಕ್ಕುವಾಡದ ಮನೆಗೆ ಲೆಕ್ಕ ಹೀಗಿರುತ್ತದೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಹೋಗಬೇಕು, ಮಗುವಿನ ಶಾಲೆ ಅಷ್ಟು ದಿನ ತಪ್ಪುತ್ತದೆ, ಜೊತೆಗೆ ಬರುವವರ ಕೂಲಿ ಹೋಗುತ್ತದೆ. ಕಬ್ಬು ಕಡಿಯುವ, ಭತ್ತ ನಾಟಿ ಮಾಡುವ ತಿಂಗಳಲ್ಲಿ ಭೇಟಿ ತಪ್ಪುತ್ತದೆ. ಎರಡು ತಿಂಗಳು ಯಾರೂ ನೋಡದ ತಂತಿ ಒಂದೋ ಸುಮ್ಮನೆ ಕುಳಿತಿರುತ್ತದೆ, ಇಲ್ಲವೇ ಬೇಡದ ಕಡೆ ಎಳೆಯುತ್ತಿರುತ್ತದೆ. ಹತ್ತನೇ ತರಗತಿಯ ವರ್ಷ ಶುರು ಮಾಡುವುದೂ ಜಾಣತನವಲ್ಲ. ಏಳನೇ ತರಗತಿಗೆ ಹಾಕಿಸಿ ಒಂಬತ್ತಕ್ಕೆ ಮುಗಿಸುವ ಮನೆಗಳು ವಯಸ್ಸಿನ ದೃಷ್ಟಿಯಿಂದಲೂ ಸರಿಯಾದ ಹೊತ್ತನ್ನೇ ಹಿಡಿದಿರುತ್ತವೆ.

ಸರ್ಕಾರದ ನೆರವು ಎಲ್ಲಿದೆ ಎಂದರೆ, ಮಕ್ಕಳ ತಂತಿಗೆ ಇಲ್ಲ. ಆರೋಗ್ಯ ವಿಮೆಗಳೂ ಸಾಮಾನ್ಯವಾಗಿ ಇದನ್ನು ಅಂದದ ಬಾಬತ್ತಿಗೆ ಸೇರಿಸಿ ಕೈಬಿಡುತ್ತವೆ. ದಂತಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಲ್ಲಿಲ್ಲದ ಹಿರಿಯರಿಗೆ ನಮ್ಮ ರಾಜ್ಯ ಉಚಿತವಾಗಿ ಹಲ್ಲುಸೆಟ್ ಕೊಟ್ಟಿತು, ಒಳ್ಳೆಯ ಕೆಲಸ. ಮೊಮ್ಮಗಳ ದವಡೆ ಮುಂದೆ ಬಂದಿದ್ದರೆ ಅದಕ್ಕೆ ಯಾವ ಭಾಗ್ಯವೂ ಇಲ್ಲ. ಇಂಗ್ಲೆಂಡಿನಲ್ಲಿ ಬ್ರೂಕ್ ಮತ್ತು ಶಾ 1989ರಲ್ಲಿ ಒಂದರಿಂದ ಐದರ ತನಕ ಅಗತ್ಯದ ಶ್ರೇಣಿ ಮಾಡಿಕೊಟ್ಟರು. ಹದಿನೆಂಟರ ಒಳಗಿನವರಲ್ಲಿ ನಾಲ್ಕು, ಐದನೇ ಶ್ರೇಣಿಯವರಿಗೆ, ಮೂರರಲ್ಲಿ ತೀರಾ ಎದ್ದು ಕಾಣುವವರಿಗೆ ಅಲ್ಲಿನ ಸರ್ಕಾರವೇ ಮಾಡಿಸುತ್ತದೆ. ಮೇಲಿನ ಹಲ್ಲು ಕೆಳಗಿನದಕ್ಕಿಂತ ಆರು ಮಿಲಿಮೀಟರಿಗಿಂತ ಹೆಚ್ಚು ಮುಂದಿದ್ದರೆ ನಾಲ್ಕನೇ ಶ್ರೇಣಿ, ಒಂಬತ್ತು ದಾಟಿದರೆ ಐದು. ನಮ್ಮಲ್ಲಿ ಉಚಿತ ಸಿಗದಿದ್ದರೂ ಈ ಅಳತೆಯನ್ನು ಕೇಳಿ ತಿಳಿದುಕೊಳ್ಳಬಹುದು. ಒಂದೋ ಎರಡೋ ಶ್ರೇಣಿಯ ಸೊಟ್ಟಕ್ಕೆ ಸಾಲ ಮಾಡಬೇಕಿಲ್ಲ. ಸೀಳುತುಟಿ, ಸೀಳು ಅಂಗುಳದ ಮಕ್ಕಳ ಮಾತು ಬೇರೆ. ಅವರಿಗೆ ತಂತಿ ಚಿಕಿತ್ಸೆಯ ಅಂಗವೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರ್ಕಾರಿ ಶಾಲೆಗೆ ಬಂದಾಗ ಅಂಥ ಮಗುವನ್ನು ತಪ್ಪದೆ ತೋರಿಸಬೇಕು.

ಯಾರ ಹಲ್ಲು, ಯಾರ ತೀರ್ಮಾನ?

ಒಂದು ಅಸಮಾಧಾನ ಹೇಳಿಬಿಡುತ್ತೇನೆ. ಹುಡುಗಿಗೆ ಹತ್ತೊಂಬತ್ತು ತುಂಬಿ, ನೋಡಲು ಬರುವವರ ಮಾತು ಶುರುವಾದ ಮೇಲೆ ಆಸ್ಪತ್ರೆಗೆ ಓಡುವ ಮನೆಗಳಿವೆ. "ಮದ್ವಿ ಒಳಗ ಮುಗೀಬೇಕ್ರಿ" ಎಂಬ ಷರತ್ತು. ಆರು ತಿಂಗಳಲ್ಲಿ ಮುಗಿಯದು ಎಂದರೆ ಮುಂದಿನ ಹಲ್ಲು ಕೊರೆದು ಕ್ಯಾಪ್ ಹಾಕಿಬಿಡಿ ಎನ್ನುತ್ತಾರೆ. ಚೆನ್ನಾಗಿರುವ ಹಲ್ಲನ್ನು ಜೀವಮಾನಕ್ಕೆ ಹಾಳು ಮಾಡುವುದು ಅದು. ಇದೇ ಮನೆಯ ಗಂಡುಮಕ್ಕಳ ಉಬ್ಬುಹಲ್ಲನ್ನು ಯಾರೂ ತೋರಿಸಿರುವುದಿಲ್ಲ, ಅವರಿಗೆ ಅಗಿಯಲು ಎಷ್ಟೇ ಕಷ್ಟವಿದ್ದರೂ.

ಹನ್ನೆರಡರ ಮಗುವನ್ನು ಕೇಳದೆ ತಂತಿ ಹಾಕಿಸಿದರೆ ತಂತಿ ಗೆಲ್ಲುವುದಿಲ್ಲ. ತಂತಿಗೆ ರಬ್ಬರ್ ಹಾಕಿಕೊಳ್ಳಬೇಕಾದವರು, ಉಜ್ಜಬೇಕಾದವರು, ಮೊದಲ ವಾರದ ನೋವು ತಿನ್ನಬೇಕಾದವರು ಅವರು. ಜಾತ್ರೆಯಲ್ಲಿ ಕಬ್ಬು ಸಿಗಿಯುವಂತಿಲ್ಲ, ಹುರಿಗಡಲೆ, ಖಡಕ್ ರೊಟ್ಟಿ, ನಿಪ್ಪಟ್ಟು ಮುಟ್ಟುವಂತಿಲ್ಲ; ಕಬ್ಬಿನ ಹಾಲನ್ನು ಒಮ್ಮೆಗೇ ಕುಡಿದು ಬಾಯಿ ಮುಕ್ಕಳಿಸಬಹುದು. ಮಂಡಕ್ಕಿಯಿಂದ ತೊಂದರೆ ಕಡಿಮೆ, ಅದರ ಜೊತೆ ಸೇರಿದ ಶೇಂಗಾದಿಂದ ಜಾಸ್ತಿ. ಬೆಣ್ಣೆದೋಸೆಗೆ ಯಾವ ನಿರ್ಬಂಧವೂ ಇಲ್ಲ, ಅಷ್ಟರ ಮಟ್ಟಿಗೆ ಈ ಊರಿನ ಮಕ್ಕಳು ಪುಣ್ಯವಂತರು.

ಅಲೈನರ್ ಬಗ್ಗೆ ಕೇಳುವವರಿಗೆ ಚಿಕ್ಕದಾಗಿ. 1997ರಲ್ಲಿ ಅಮೆರಿಕದಲ್ಲಿ ಶುರುವಾದ ಅಲೈನ್ ಟೆಕ್ನಾಲಜಿ ಕಂಪನಿ ಇನ್ವಿಸಲೈನ್ ಹೆಸರಿನಲ್ಲಿ ಪಾರದರ್ಶಕ ತಟ್ಟೆಗಳನ್ನು ತಂದಿತು. ದಿನಕ್ಕೆ ಇಪ್ಪತ್ತೆರಡು ಗಂಟೆ ಬಾಯಲ್ಲಿರಬೇಕು, ಊಟಕ್ಕೆ ಮಾತ್ರ ತೆಗೆಯಬೇಕು. ಶಾಲೆಯ ಬಿಸಿಯೂಟದ ಹೊತ್ತಿಗೆ ತೆಗೆದು ಜೇಬಿಗೆ ಹಾಕಿಕೊಂಡ ಹುಡುಗ ಸಂಜೆ ಮನೆಗೆ ಬರುವಾಗ ಅದನ್ನು ತರುತ್ತಾನೆಯೇ ಎಂದು ಅವನ ಅಮ್ಮನನ್ನು ಕೇಳಬೇಕು. ವೈದ್ಯರ ಮುಖ ನೋಡದೆ ಮನೆಗೇ ಅಚ್ಚಿನ ಪೆಟ್ಟಿಗೆ ಕಳಿಸಿ ಅಲೈನರ್ ಮಾರಿದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಎಂಬ ಕಂಪನಿ 2023ರ ಡಿಸೆಂಬರಿನಲ್ಲಿ ರಾತ್ರೋರಾತ್ರಿ ಬಾಗಿಲು ಹಾಕಿತು. ಅರ್ಧ ಚಿಕಿತ್ಸೆಯಲ್ಲಿದ್ದವರು ಸ್ಥಳೀಯ ದಂತವೈದ್ಯರ ಬಾಗಿಲಿಗೇ ಹೋಗಬೇಕಾಯಿತು.

ತಂತಿ ಬಿಚ್ಚಿದ ದಿನ ಎಲ್ಲ ಮುಗಿಯಿತೆಂದು ಸಿಹಿ ಹಂಚುತ್ತಾರೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಟಲ್ ಮತ್ತು ಜೊತೆಗಾರರು ಹಲ್ಲು ಕಿತ್ತು ಚಿಕಿತ್ಸೆ ಪಡೆದವರನ್ನು, ಸರಿಯಾದ ಹಲ್ಲನ್ನು ಹಿಡಿದಿಡುವ ರಿಟೇನರ್ ಬಿಟ್ಟು ಹತ್ತು ವರ್ಷವಾದ ಮೇಲೆ ಕರೆದು ನೋಡಿದರು. 1981ರಲ್ಲಿ ಪ್ರಕಟವಾದ ಅವರ ವರದಿಯಂತೆ ಕೆಳಗಿನ ಮುಂಭಾಗದ ಹಲ್ಲು ನೆಟ್ಟಗೆ ಉಳಿದಿದ್ದವರು ಮೂವರಲ್ಲಿ ಒಬ್ಬರಿಗಿಂತ ಕಡಿಮೆ. ಆದ್ದರಿಂದ ರಿಟೇನರ್ ಖರ್ಚನ್ನು ಮೊದಲ ದಿನವೇ ಕೇಳಿ ಒಟ್ಟು ಮೊತ್ತದಲ್ಲಿ ಸೇರಿಸಿಕೊಳ್ಳಿ. ಮೊದಲ ತಿಂಗಳುಗಳಲ್ಲಿ ಹಗಲೂ ರಾತ್ರಿ, ಆಮೇಲೆ ವರ್ಷಗಟ್ಟಲೆ ರಾತ್ರಿ. ಮದುವೆ ಮನೆಯಲ್ಲಿ ಊಟಕ್ಕೆ ಕೂರುವಾಗ ತೆಗೆದು ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ತಿಟ್ಟರೆ ಅದು ಎಂಜಲೆಲೆಯ ಜೊತೆ ಹೋಗುತ್ತದೆ. ಡಬ್ಬಿ ಜೇಬಿನಲ್ಲಿರಲಿ. ಕಳೆದರೆ ಬೈಸಿಕೊಳ್ಳುವ ಹೆದರಿಕೆಗೆ ಮಕ್ಕಳು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಹಲ್ಲು ಅಷ್ಟು ದಿನ ಕಾಯುವುದಿಲ್ಲ, ಹೊಸದನ್ನು ಅದೇ ವಾರ ಮಾಡಿಸಬೇಕು.